ಮಗು ಯಾವತ್ತಿನ ಹಾಗಿಲ್ಲ ಅನ್ನಿಸಿದರೆ

ಓದುಗರ ಪ್ರಶ್ನೆ: ಮಕ್ಕಳ ಆರೋಗ್ಯ

ಪ್ರಶ್ನೆ: ಮಗಳಿಗೆ ಒಂದು ವರ್ಷ ಎರಡು ತಿಂಗಳು. ಹೋದ ತಿಂಗಳು ಜ್ವರ, ಕೆಮ್ಮು ಬಂತು. ತೋರಿಸಿದೆವು. ‘ವೈರಲ್, ಮೂರ್ನಾಲ್ಕು ದಿನ ಇರುತ್ತೆ’ ಅಂದರು. ನನಗೆ ಮಾತ್ರ ಈ ಸಲದ ಜ್ವರ ಯಾವತ್ತಿನ ಹಾಗಿಲ್ಲ ಅನ್ನಿಸುತ್ತಲೇ ಇತ್ತು. ‘ನಿಂದು ಬರೀ ಗಾಬರಿ’ ಅಂತ ಅತ್ತೆಯೂ ನಮ್ಮನೆಯವರೂ ಸುಮ್ಮನಾಗಿಸಿದರು. ಮಾರನೇ ದಿನ ನ್ಯುಮೋನಿಯಾ ಅಂತ ಅಡ್ಮಿಟ್ ಮಾಡಬೇಕಾಯಿತು. ಈಗ ಹುಷಾರಾಗಿದ್ದಾಳೆ. ಇನ್ನೊಂದು ಸಲ ಹೀಗಾದರೆ ನಾನು ಯಾರ ಮಾತು ಕೇಳಲಿ? (ಓದುಗರೊಬ್ಬರು, ಚಿತ್ರದುರ್ಗ)

ಉತ್ತರ: ಮೊದಲ ದಿನ ನೋಡಿದವರು ತಪ್ಪು ಹೇಳಿದರು ಅನ್ನಲಾಗದು. ನೆಗಡಿಯಾಗಿ ಶುರುವಾದದ್ದು ಒಂದೇ ದಿನದಲ್ಲಿ ಎದೆಗೆ ಇಳಿಯಬಹುದು. ತಪ್ಪಿದ್ದು ‘ಯಾವತ್ತಿನ ಹಾಗಿಲ್ಲ’ ಎಂಬ ನಿಮ್ಮ ಮಾತು ಅಡುಗೆಮನೆಯಲ್ಲೇ ಉಳಿದದ್ದು. ಬೆಲ್ಜಿಯಂನಲ್ಲಿ ಸುಮಾರು 3,900 ಮಕ್ಕಳನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಪರೀಕ್ಷೆಯಲ್ಲಿ ದೊಡ್ಡದೇನೂ ಕಾಣದಿದ್ದರೂ ‘ಏನೋ ಸರಿಯಿಲ್ಲ’ ಎಂದು ವೈದ್ಯರಿಗೆ ಅನ್ನಿಸಿದಾಗ, ಮಗುವಿನ ಮಂಕುತನ, ಉಸಿರಾಟ ಇವುಗಳ ಜೊತೆಗೆ ಎದ್ದು ಕಂಡದ್ದು ಹೆತ್ತವರ ಇದೇ ಮಾತು: ಹಿಂದಿನ ಕಾಯಿಲೆಗಳ ಹಾಗಿಲ್ಲ ಇದು. ಹಾಗಾಗಿ ಡಾಕ್ಟರ ಮುಂದೆ ಸಂಕೋಚವಿಲ್ಲದೆ ಅದನ್ನೇ ಹೇಳಿ. ‘ಸುಸ್ತು’ ಎಂದಷ್ಟೇ ಹೇಳಿದರೆ ಅದು ದಿನಕ್ಕೆ ಐವತ್ತು ಸಲ ಕೇಳಿದ ಮಾತಾಗಿ ಹೋಗುತ್ತದೆ.

ಆದರೆ ಅನ್ನಿಸಿಕೆಗೆ ಒಂದೆರಡು ಲೆಕ್ಕ ಜೋಡಿಸಿ ಒಯ್ಯಿರಿ. ಮೊದಲನೆಯದು ಉಸಿರು. ಮಗು ಅಳದೆ ಇರುವಾಗ ಅಥವಾ ಮಲಗಿರುವಾಗ ಅಂಗಿ ಮೇಲೆತ್ತಿ, ಮೊಬೈಲಿನಲ್ಲಿ ಒಂದು ನಿಮಿಷದ ಟೈಮರ್ ಇಟ್ಟು, ಹೊಟ್ಟೆ ಎಷ್ಟು ಸಲ ಏರುತ್ತದೆ ಎಣಿಸಿ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಚಿಕ್ಕ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷಕ್ಕೆ 40: ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರು. ಜ್ವರ ಏರಿದಾಗ ಉಸಿರೂ ಏರುವುದರಿಂದ, ಇಳಿದ ಮೇಲೆ ಇನ್ನೊಮ್ಮೆ ಎಣಿಸಿ. ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಮೂಗಿನ ಹೊಳ್ಳೆ ಅರಳುತ್ತಿದ್ದರೆ, ಪ್ರತಿ ಉಸಿರಿಗೂ ನರಳಿದರೆ ಎಣಿಸುತ್ತ ಕೂರಬೇಡಿ, ಹೊರಡಿ. ಅರ್ಧ ನಿಮಿಷದ ವಿಡಿಯೊ ಮಾಡಿಕೊಂಡರೆ ಒಳ್ಳೆಯದು. ಕ್ಲಿನಿಕ್ಕಿಗೆ ಕಾಲಿಟ್ಟೊಡನೆ ಅಳುವ ಮಗುವಿನಲ್ಲಿ ಈ ಸೆಳೆತ ತಿಳಿಯುವುದು ಕಷ್ಟ.

ಎರಡನೆಯದು ಕುಡಿದದ್ದು, ಉಚ್ಚೆ ಮಾಡಿದ್ದು. ಎಂದಿನ ಹಾಲಿನ ಅರ್ಧವೂ ಹೋಗದಿದ್ದರೆ, ಆರರಿಂದ ಎಂಟು ಗಂಟೆ ಡೈಪರ್ ಒಣಗಿಯೇ ಇದ್ದರೆ ಹೇಳಿ. ಮೂರನೆಯದು ಔಷಧಿಯ ಹೊತ್ತು. ನಾಲ್ಕಕ್ಕೆ ಪ್ಯಾರಾಸಿಟಮಾಲ್ ಕುಡಿಸಿ ಐದಕ್ಕೆ ತೋರಿಸಿದರೆ ಮಗು ಚೆನ್ನಾಗಿಯೇ ಕಾಣಬಹುದು. ಕೊಟ್ಟ ಹೊತ್ತು ಗೊತ್ತಿಲ್ಲದ ಡಾಕ್ಟರು ಏನು ಮಾಡಿಯಾರು? ಇನ್ನೊಂದು ಮಾತು: ಸಿರಪ್ಪಿಗೆ ಜ್ವರ ಇಳಿಯಿತೆಂಬುದೇ ಸಮಾಧಾನವಲ್ಲ, ದೊಡ್ಡ ಸೋಂಕಿನ ಜ್ವರವೂ ಇಳಿಯುತ್ತದೆ. ಇಳಿದ ಮೇಲೆ ಮಗು ಕಣ್ಣಿಟ್ಟು ನೋಡುತ್ತದೆಯೇ, ಆಟಿಕೆ ಹಿಡಿಯುತ್ತದೆಯೇ ನೋಡಿ. ಆಗಲೂ ಮಂಕಾಗಿದ್ದರೆ ನಿಮ್ಮ ಕರುಳು ಹೇಳಿದ್ದು ಸರಿ.

ಡಾಕ್ಟರ ಮುಂದಿನಿಂದ ಏಳುವ ಮುಂಚೆ ಕೇಳಬೇಕಾದದ್ದು ‘ಏನಾದರೆ, ಎಷ್ಟು ಹೊತ್ತಿನೊಳಗೆ ವಾಪಸ್ ಬರಲಿ?’ ಎಂದು. ‘ಸರಿಹೋಗದಿದ್ದರೆ ಬನ್ನಿ’ ಎಂಬ ಉತ್ತರಕ್ಕೆ ತೃಪ್ತಿಪಡಬೇಡಿ.

ಅಡ್ಮಿಟ್ ಆದ ಮೇಲೂ ಹೀಗೇ. ಇಂಗ್ಲೆಂಡಿನಲ್ಲಿ ಮಾರ್ಥಾ ಮಿಲ್ಸ್ ಎಂಬ 13 ವರ್ಷದ ಹುಡುಗಿ 2021ರಲ್ಲಿ ಆಸ್ಪತ್ರೆಯಲ್ಲಿದ್ದಾಗಲೇ ಸೆಪ್ಸಿಸ್‌ನಿಂದ (ಸೋಂಕಿಗೆ ದೇಹವೇ ವಿಪರೀತವಾಗಿ ಪ್ರತಿಕ್ರಿಯಿಸಿ ಅಂಗಾಂಗಗಳು ಕೆಡುವ ಸ್ಥಿತಿ) ತೀರಿಕೊಂಡಳು. ತಾಯಿ ಮುಂಚೆಯೇ ಎಚ್ಚರಿಸಿದ್ದರು. ಆಮೇಲೆ 2024ರಿಂದ ಅಲ್ಲಿ ಹಂತಹಂತವಾಗಿ ‘ಮಾರ್ಥಾ ನಿಯಮ’ ಬಂತು: ಮಗುವಿನ ಸ್ಥಿತಿ ಕೆಡುತ್ತಿದೆ ಅನ್ನಿಸಿದ ಮನೆಯವರು ತಾವೇ ಇನ್ನೊಂದು ವೈದ್ಯ ತಂಡವನ್ನು ಕರೆಯಬಹುದು. ಇಲ್ಲಿ ನೀವು ಮಾಡಬಹುದಾದದ್ದು, ಸಿಸ್ಟರ್ ಹತ್ತಿರ ‘ಈಗಲೇ ನಾಡಿ, ಉಸಿರು, ಬಿ.ಪಿ. ನೋಡಿ ಬರೆಯಿರಿ’ ಎಂದು ಕೇಳುವುದು, ಡ್ಯೂಟಿ ಡಾಕ್ಟರನ್ನು ಕರೆಸುವುದು, ಅಲ್ಲಿಗೂ ನಿಲ್ಲದಿದ್ದರೆ ಸೀನಿಯರ್ ನೋಡಲೇಬೇಕೆನ್ನುವುದು. ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು, ದಾಖಲೆಗಳ ಪ್ರತಿ ಕೇಳುವುದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಪಟ್ಟಿಯಲ್ಲಿಯೇ ಇವೆ. ಜಗಳ ಬೇಡ, ಹಟ ಬೇಕು.

ಕರುಳಿನ ಮಾತನ್ನು ಒಂದು ದಿಕ್ಕಿಗೆ ಮಾತ್ರ ನಂಬಿ. ‘ಹೊರಡು’ ಎಂದರೆ ಹೊರಡಿ. ‘ಏನಿಲ್ಲ ಬಿಡು’ ಎಂದಾಗ ನಂಬುವ ಮುಂಚೆ ಇವು ಇಲ್ಲವೇ ನೋಡಿ: ಫಿಟ್ಸ್, ಎಬ್ಬಿಸಿದರೂ ಏಳದಿರುವುದು, ಏನೂ ಕುಡಿಯಲಾಗದಿರುವುದು, ಕುಡಿದದ್ದೆಲ್ಲ ವಾಂತಿ, ತುಟಿ ನೀಲಿಗಟ್ಟುವುದು. ಎದೆಯ ಚರ್ಮವನ್ನು ಐದು ಸೆಕೆಂಡ್ ಒತ್ತಿ ಬಿಟ್ಟಾಗ ಬಣ್ಣ ಮರಳಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯುವುದು. ಗಾಜಿನ ಲೋಟ ಒತ್ತಿದರೂ ಮಾಸದ ಕೆಂಪು, ನೇರಳೆ ಚುಕ್ಕೆಗಳು (ಕಪ್ಪು ಮೈಬಣ್ಣವಿದ್ದರೆ ಅಂಗೈ, ಅಂಗಾಲು, ಕಣ್ಣುರೆಪ್ಪೆಯ ಒಳಭಾಗದಲ್ಲಿ ಹುಡುಕಿ). ಒಂದೇ ಒಂದು ಕಂಡರೂ 108.

ಪ್ರಶ್ನೆ: ಮೂರು ವರ್ಷದ ಮಗನಿಗೆ ಡೆಂಗಿ ಬಂದಿತ್ತು. ನಾಲ್ಕನೇ ದಿನ ಜ್ವರ ಪೂರ್ತಿ ಬಿಟ್ಟಿತು, ಆದರೂ ಡಾಕ್ಟರ್ ಅಡ್ಮಿಟ್ ಮಾಡಿಸಿದರು. ಬೇಕಿತ್ತೇ? (ಓದುಗರೊಬ್ಬರು, ಹಾಸನ)

ಉತ್ತರ: ಡೆಂಗಿಯಲ್ಲಿ ಅಪಾಯ ಶುರುವಾಗುವುದೇ ಜ್ವರ ಬಿಡುವ ಹೊತ್ತಿಗೆ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ. ಮುಂದಿನ 24ರಿಂದ 48 ಗಂಟೆ ರಕ್ತನಾಳಗಳಿಂದ ನೀರಿನಂಶ ಸೋರಿ ರಕ್ತ ಗಟ್ಟಿಯಾಗುತ್ತದೆ, ಬಿ.ಪಿ. ಕುಸಿಯಬಹುದು. ಜ್ವರ ಬಿಟ್ಟ ಮೇಲೂ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ತಣ್ಣನೆ ಕೈಕಾಲು, ಮಂಕು ಅಥವಾ ವಿಪರೀತ ಕಿರಿಕಿರಿ ಇದ್ದರೆ ಅಡ್ಮಿಟ್ ಆಗಲೇಬೇಕು. ಎಲ್ಲರೂ ‘ಪ್ಲೇಟ್‌ಲೆಟ್ ಎಷ್ಟು?’ ಎಂದೇ ಕೇಳುತ್ತಾರೆ. ಅದರ ಜೊತೆ ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು, ರಕ್ತ ಗಟ್ಟಿಯಾದಷ್ಟೂ ಏರುತ್ತದೆ) ಏರುತ್ತಿದೆಯೇ ಎಂದೂ ಕೇಳಿ, ಸೋರಿಕೆ ತಿಳಿಯುವುದು ಅಲ್ಲಿ. ಐಬುಪ್ರೊಫೆನ್, ಮೆಫೆನಾಮಿಕ್ ಆ್ಯಸಿಡ್, ಆಸ್ಪಿರಿನ್ ಬೇಡ. ಪಪಾಯ ಎಲೆ ಅರೆಯುವ ಹೊತ್ತನ್ನು ಓಆರ್‌ಎಸ್ ಕುಡಿಸಲು ಬಳಸಿ.

ಪ್ರಶ್ನೆ: 10 ಕೆ.ಜಿ. ಮಗುವಿಗೆ ಪ್ಯಾರಾಸಿಟಮಾಲ್ ಎಷ್ಟು? ಒಬ್ಬೊಬ್ಬರು ಒಂದೊಂದು ಎಂ.ಎಲ್. ಹೇಳುತ್ತಾರೆ.

ಉತ್ತರ: ಎಲ್ಲರೂ ಸರಿ ಇರಬಹುದು, ಬಾಟಲಿ ಬೇರೆ ಬೇರೆ. ಒಂದು ಸಲಕ್ಕೆ ಕೆ.ಜಿ.ಗೆ 15 ಮಿ.ಗ್ರಾಂ, ಅಂದರೆ ನಿಮ್ಮ ಮಗುವಿಗೆ 150 ಮಿ.ಗ್ರಾಂ. 5 ಎಂ.ಎಲ್.ಗೆ 125 ಮಿ.ಗ್ರಾಂ ಇರುವ ಸಿರಪ್ಪಾದರೆ 6 ಎಂ.ಎಲ್., 250 ಇರುವುದಾದರೆ 3 ಎಂ.ಎಲ್., 1 ಎಂ.ಎಲ್.ಗೆ 100 ಇರುವ ಡ್ರಾಪ್ಸ್ ಆದರೆ ಒಂದೂವರೆ. ಎರಡು ಡೋಸ್ ನಡುವೆ ಕನಿಷ್ಠ ನಾಲ್ಕು ಗಂಟೆ, ದಿನಕ್ಕೆ ನಾಲ್ಕೇ ಸಲ. ಡ್ರಾಪ್ಸನ್ನು ಸಿರಪ್ಪಿನ ಅಳತೆಯಲ್ಲಿ ಕೊಟ್ಟರೆ ಯಕೃತ್ತಿಗೆ ಹೊಡೆತ. ಕೆಮ್ಮು-ನೆಗಡಿ ಸಿರಪ್ಪಿನಲ್ಲೂ ಪ್ಯಾರಾಸಿಟಮಾಲ್ ಸೇರಿರಬಹುದು, ಲೇಬಲ್ ಓದಿ.

ಪ್ರಶ್ನೆ: 40 ದಿನದ ಕೂಸಿಗೆ ಮೈ ಬೆಚ್ಚಗಾದಾಗ ದೃಷ್ಟಿಯಾಗಿದೆ ಅಂತ ಅಜ್ಜಿ ಹೇಳುತ್ತಾರೆ. ಒಂದು ದಿನ ಕಾಯಬಹುದೇ?

ಉತ್ತರ: ಒಂದು ಗಂಟೆಯೂ ಬೇಡ. ಎರಡು ತಿಂಗಳೊಳಗಿನ ಕೂಸಿನ ಕಂಕುಳಲ್ಲಿ 99.5 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ತೋರಿದರೆ, ಇಲ್ಲವೇ ಮೈ ಅಸಹಜವಾಗಿ ತಣ್ಣಗಿದ್ದರೆ, ಮಕ್ಕಳ ಡಾಕ್ಟರಿರುವ ಆಸ್ಪತ್ರೆಗೇ ನೇರ ಹೋಗಿ. ಮೆಡಿಕಲ್ ಶಾಪಿನ ಹನಿ ಔಷಧಿ ಬೇಡ. ಈ ವಯಸ್ಸಿನಲ್ಲಿ ಸೋಂಕು ಗಂಟೆಗಳ ಲೆಕ್ಕದಲ್ಲಿ ರಕ್ತಕ್ಕೆ ಹಬ್ಬುತ್ತದೆ, ಹಾಲು ಕುಡಿಯುವುದನ್ನು ಬಿಡುವುದೊಂದೇ ಲಕ್ಷಣವಾಗಿರಬಹುದು. ದಾರಿಯಲ್ಲಿ ಎದೆಗವಚಿಕೊಂಡು ಹಾಲು ಕೊಡುತ್ತಿರಿ. ಅಜ್ಜಿ ದೃಷ್ಟಿ ತೆಗೆಯಲಿ ಪಾಪ, ಆಟೊ ಬಾಗಿಲಿಗೆ ಬರುವಷ್ಟರಲ್ಲಿ.