ಓದುಗರ ಪ್ರಶ್ನೆಗೆ ಉತ್ತರ: ನಡುದಾರಿಯಲ್ಲಿ ನಿಂತ ಕವಲುಗತೆ

ಪ್ರಶ್ನೆ: ನಾನು ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ಎರಡು ವರ್ಷಗಳ ಹಿಂದೆ ಟ್ವೈನ್ ತಂತ್ರಾಂಶದಲ್ಲಿ ಸಂವಾದಾತ್ಮಕ ಕಥೆಯೊಂದನ್ನು, ಅಂದರೆ ಮುಂದೇನಾಗಬೇಕೆಂಬುದನ್ನು ಓದುಗರೇ ಆರಿಸುತ್ತ ಹೋಗುವ ಕಥೆಯೊಂದನ್ನು, ಕನ್ನಡದಲ್ಲಿ ಬರೆಯತೊಡಗಿದೆ. ಕಾಲುವೆಯ ಗೇಟು ನೋಡಿಕೊಳ್ಳುವ ಸೌಡಿಯೊಬ್ಬನ ಒಂದು ರಾತ್ರಿಯ ಕಥೆ ಅದು. ನೀರನ್ನು ಮೇಲಿನ ಊರಿಗೆ ಬಿಡಬೇಕೋ ಕಾಲುವೆಯ ಕೊನೆಯ, ಅಂದರೆ ಟೇಲೆಂಡ್‌ನ, ಊರಿಗೆ ಬಿಡಬೇಕೋ ಎಂಬುದು ಓದುಗರ ಕೈಯಲ್ಲಿರುತ್ತದೆ. ಏಳು ತಿರುವು, ಪ್ರತಿ ತಿರುವಿಗೆ ಎರಡು ದಾರಿ ಎಂದು ಯೋಜಿಸಿದ್ದೆ. 90 ತುಣುಕುಗಳಾಗುವಷ್ಟರಲ್ಲಿ ತಾಯಿಗೆ ಲಕ್ವಾ ಹೊಡೆಯಿತು. ನಾಲ್ಕು ತಿಂಗಳು ಕಂಪ್ಯೂಟರ್ ಮುಟ್ಟಲಾಗಲಿಲ್ಲ. ಬಳಿಕ ದುರಸ್ತಿಗೆ ಕೊಟ್ಟಾಗ ಅಂಗಡಿಯವರು ಅದನ್ನು ಫಾರ್ಮ್ಯಾಟ್ ಮಾಡಿಬಿಟ್ಟರು. ಪೆನ್‌ಡ್ರೈವಿನ ಹಳೆಯ ಪ್ರತಿಯಲ್ಲಿ 50 ತುಣುಕುಗಳಷ್ಟೇ ಉಳಿದಿವೆ. ಈಗ ಸುಗ್ಗಿ, ರಾತ್ರಿ ಹತ್ತರವರೆಗೆ ಗಿರಣಿಯ ಕೆಲಸ. ಕಥೆಯನ್ನು ತೆರೆದರೆ ನಾನು ಬರೆದದ್ದೇ ನನಗೆ ಅರ್ಥವಾಗುವುದಿಲ್ಲ, ಮುಚ್ಚಿಡುತ್ತೇನೆ. ಹುಮ್ಮಸ್ಸನ್ನು ಉಳಿಸಿಕೊಳ್ಳುವುದು ಹೇಗೆ?
(ಹೆಸರು ಬೇಡವೆಂದಿದ್ದಾರೆ, ಸಿಂಧನೂರು)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನನಗೂ ಇದು ಹುಮ್ಮಸ್ಸಿನ ಪ್ರಶ್ನೆಯೆಂದೇ ತೋರಿತು. ಎರಡನೆಯ ಸಲ ‘ಏಳು ತಿರುವು, ಪ್ರತಿ ತಿರುವಿಗೆ ಎರಡು ದಾರಿ’ ಎಂಬಲ್ಲಿ ನಿಂತು, ಪತ್ರದ ಅಂಚಿನಲ್ಲೇ ಲೆಕ್ಕ ಹಾಕಿ ನೋಡಿದೆ. ಒಮ್ಮೆ ಅಗಲಿದ ದಾರಿಗಳು ಮತ್ತೆಲ್ಲಿಯೂ ಕೂಡದಿದ್ದರೆ ನಿಮ್ಮ ಕಥೆಗೆ 128 ಕೊನೆಗಳಿರುತ್ತವೆ, ಒಟ್ಟು 255 ತುಣುಕುಗಳನ್ನು ಬರೆಯಬೇಕಾಗುತ್ತದೆ. ತುಣುಕಿಗೆ 80 ಪದವೆಂದು ಹಿಡಿದರೂ 20,400 ಪದಗಳು. ಒಂದು ಸಲ ಓದುವವರ ಕಣ್ಣಿಗೆ ಬೀಳುವುದು ಅದರಲ್ಲಿ ಎಂಟು ತುಣುಕು, 640 ಪದ. ದಿನವಿಡೀ ಲೆಕ್ಕ ಬರೆಯುವ ನೀವು ನಿಮ್ಮ ಕಥೆಯ ಲೆಕ್ಕವನ್ನು ಮಾತ್ರ ಬಿಟ್ಟಿದ್ದೀರಿ ಎಂದರೆ ಬೇಸರಿಸಬೇಡಿ, ನಾನೂ ನನ್ನ ಮೊದಲ ಕವಲುಗತೆಯನ್ನು ಹೀಗೆಯೇ ಮರದಂತೆ ಬೆಳೆಸಲು ಹೋಗಿ ನಾಲ್ಕನೆಯ ತಿರುವಿನಲ್ಲಿ ಕೈಚೆಲ್ಲಿದವನು. ತಾಯಿಯವರು ಆರೋಗ್ಯವಾಗಿದ್ದು ಕಂಪ್ಯೂಟರ್ ಕೆಡದೆ ಇದ್ದಿದ್ದರೂ ನೀವು ನೂರೈವತ್ತನೆಯ ತುಣುಕಿನ ಹತ್ತಿರ ದಣಿಯುತ್ತಿದ್ದಿರಿ ಎಂಬುದು ನನ್ನ ಅನುಮಾನ.

ಈ ಸಂಗತಿ ನಿಮ್ಮ ಸೌಡಿಗೆ ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ವಿತರಣಾ ಕಾಲುವೆಗೆ, ಅಲ್ಲಿಂದ ಉಪಕಾಲುವೆಗೆ, ಅಲ್ಲಿಂದ ಹೊಲಗಾಲುವೆಗೆ ಒಡೆಯುತ್ತ ಹೋದಂತೆ ಪ್ರತಿ ಕವಲಿಗೂ ತೆಳುವಾಗುತ್ತದೆ. ಮಾನ್ವಿ, ರಾಯಚೂರು ಕಡೆಯ ಟೇಲೆಂಡ್ ರೈತರು ವರ್ಷ ವರ್ಷವೂ ನೀರಿಗಾಗಿ ರಸ್ತೆಗಿಳಿಯುವುದು ಇದಕ್ಕಾಗಿಯೇ. ಒಡೆಯುವುದನ್ನಷ್ಟೇ ಬಲ್ಲ ಕಥೆಯ ಗತಿಯೂ ಅದೇ. ಮೊದಲ ಎರಡು ತಿರುವುಗಳಿಗೆ ಲೇಖಕನ ಪೂರ್ತಿ ಶಕ್ತಿ ಹರಿಯುತ್ತದೆ, ಕೊನೆಯ ತುಣುಕುಗಳಿಗೆ ಎರಡೆರಡು ಸಾಲು ಸಿಕ್ಕರೆ ಹೆಚ್ಚು. ಆದ್ದರಿಂದ ಕಾಲುವೆಯನ್ನು ಬಿಟ್ಟು, ಆನೆಗೊಂದಿಯ ಬಳಿ ಹೊಳೆ ಹರಿಯುವುದನ್ನು ನೆನಪಿಸಿಕೊಳ್ಳಿ. ಅಲ್ಲಿ ಅದು ಬಂಡೆಗಳನ್ನೂ ನವಬೃಂದಾವನದಂಥ ನಡುಗಡ್ಡೆಗಳನ್ನೂ ಬಳಸಿಕೊಂಡು ಸೀಳುತ್ತದೆ, ದಾಟಿದ ಕೂಡಲೇ ಕೂಡಿಕೊಳ್ಳುತ್ತದೆ. ನಿಮ್ಮ ಕಥೆಗೂ ಅಂಥ ಮೂರು ಕೂಡು ಜಾಗಗಳು ಸಾಕು: ನಡುರಾತ್ರಿ ಗೇಟಿನ ಬಳಿ ಬರುವ ಫೋನ್ ಕರೆ, ಕೋಳಿ ಕೂಗುವ ಹೊತ್ತು, ಬೆಳಿಗ್ಗೆ ಕಾಲುವೆ ಏರಿಯ ಮೇಲೆ ಎರಡೂ ಊರಿನವರು ಸೇರುವುದು. ಓದುಗರು ಯಾವ ದಾರಿಯಿಂದ ಬಂದರೂ ಈ ಮೂರನ್ನು ಹಾಯ್ದೇ ಹೋಗಬೇಕು. ಈ ಮೂರರ ಜೊತೆಗೆ ನಡುವಣ ನಾಲ್ಕು ಭಾಗಗಳಿಗೆ ಎಂಟೆಂಟು ತುಣುಕು, ಕೊನೆಗೆ ಐದು ಬಗೆಯ ಮುಕ್ತಾಯ ಎಂದಿಟ್ಟುಕೊಂಡರೆ ಕಥೆ 40ರಲ್ಲಿ ನಿಲ್ಲುತ್ತದೆ. ನಿಮ್ಮ ಬಳಿ 50 ಉಳಿದಿವೆ.

ಹಾಗೆ ಕೂಡಿಸಿದರೆ ಓದುಗರ ಆಯ್ಕೆ ಬರೀ ನೆಪವಾಗುವುದಿಲ್ಲವೇ ಎಂದು ಕೇಳಬಹುದು. ಕಥೆ ಏನನ್ನೂ ನೆನಪಿಟ್ಟುಕೊಳ್ಳದಿದ್ದರೆ ಹಾಗಾಗುತ್ತದೆ. ಫೋನಿನಲ್ಲಿ ಸೌಡಿ ಸುಳ್ಳು ಹೇಳಿದನೇ ಇಲ್ಲವೇ ಎಂಬುದನ್ನು ಟ್ವೈನ್‌ನಲ್ಲಿ ಒಂದು ಚರಾಂಶವಾಗಿ, ಅಂದರೆ ಕಥೆ ನೆನಪಿಟ್ಟುಕೊಳ್ಳುವ ಒಂದು ಗುರುತಾಗಿ, ಇಟ್ಟುಕೊಂಡು, ಬೆಳಗಿನ ತುಣುಕಿನಲ್ಲಿ ಒಂದೇ ವಾಕ್ಯವನ್ನು ಬದಲಿಸಿ ನೋಡಿ: ಸುಳ್ಳು ಹೇಳಿದವನ ಕೈಯಲ್ಲಿ ಚಹಾದ ಲೋಟ ಆರಿಹೋಗುವವರೆಗೂ ಹಾಗೆಯೇ ಇರುತ್ತದೆ, ಹೇಳದವನು ಒಂದು ಗುಟುಕು ಕುಡಿದು ಪಕ್ಕದವನಿಗೆ ದಾಟಿಸುತ್ತಾನೆ. ಇಬ್ಬರೂ ಅದೇ ಏರಿಯ ಮೇಲೆ ನಿಂತಿದ್ದರೂ ಓದುಗರಿಗೆ ತಾವು ಮಾಡಿದ್ದು ತಿರುಗಿ ಬಂದ ಅನುಭವವಾಗುತ್ತದೆ, ನಿಮಗೆ ಹತ್ತಾರು ತುಣುಕುಗಳ ಶ್ರಮ ಉಳಿಯುತ್ತದೆ.

ಬರೆದದ್ದೇ ಅರ್ಥವಾಗುವುದಿಲ್ಲ ಎಂದಿದ್ದೀರಲ್ಲ, ನಿಮ್ಮ ಪತ್ರದ ತಿರುಳು ಅಲ್ಲಿದೆ ಎಂದು ನನಗನ್ನಿಸುತ್ತದೆ. ಸಾಮಾನ್ಯ ಕಥೆಯನ್ನು ನಾಲ್ಕು ತಿಂಗಳು ಬಿಟ್ಟರೂ ಕೊನೆಯ ಎರಡು ಪುಟ ಓದಿದರೆ ಎಳೆ ಸಿಗುತ್ತದೆ. ಕವಲುಗತೆಯಲ್ಲಿ ಹಾಗಲ್ಲ, ಯಾವ ದಾರಿಯಲ್ಲಿ ಬಂದವನಿಗೆ ಏನು ಗೊತ್ತು, ಯಾರೊಡನೆ ಅವನು ಜಗಳವಾಡಿದ್ದಾನೆ, ಕೀಲಿ ಯಾರ ಕಿಸೆಯಲ್ಲಿದೆ ಎಂಬುದೆಲ್ಲ ಒಟ್ಟಿಗೆ ತಲೆಯಲ್ಲಿರಬೇಕು, ಮತ್ತು ಆಸ್ಪತ್ರೆಯಲ್ಲಿ ನಾಲ್ಕು ರಾತ್ರಿ ನಿದ್ದೆಗೆಟ್ಟ ತಲೆಯಿಂದ ಮೊದಲು ಜಾರಿಹೋಗುವುದು ಇದೇ. ಹಾಗಾಗಿ ಅದನ್ನು ತಲೆಯಿಂದ ಇಳಿಸಿ ಒಂದು ಹಾಳೆಗೆ ಹಾಕಿ. ನಿಮ್ಮ ಖಾತೆ ಪುಸ್ತಕದಂತೆಯೇ ಅಡ್ಡ ಗೆರೆ, ಉದ್ದ ಗೆರೆ ಎಳೆದು, ಎಡಕ್ಕೆ ಚರಾಂಶದ ಹೆಸರು, ನಡುವೆ ಅದು ಯಾವ ತುಣುಕಿನಲ್ಲಿ ಹುಟ್ಟುತ್ತದೆ, ಬಲಕ್ಕೆ ಎಲ್ಲಿ ಬಳಕೆಯಾಗುತ್ತದೆ ಎಂದು ಬರೆದರೆ ಮುಗಿಯಿತು. ಬಲಗಡೆ ಖಾಲಿ ಉಳಿದ ಚರಾಂಶವನ್ನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಿ.

ಇನ್ನೊಂದು ಅಭ್ಯಾಸವನ್ನು ನಾನು ಅಣೆಕಟ್ಟಿನಿಂದಲೇ ಕಲಿತೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದದ್ದು ನಮ್ಮ ಭಾಗದಲ್ಲಿ ಯಾರಿಗೂ ಮರೆತಿರಲಾರದು. ಹೊಸ ಗೇಟು ತಯಾರಾಗಿ ಬರಲೆಂದು ಯಾರೂ ಕಾಯುತ್ತ ಕೂರಲಿಲ್ಲ. ಒಂದು ವಾರದೊಳಗೆ, ಹರಿಯುವ ನೀರಿನಲ್ಲೇ, ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಯ ಐದು ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ನೀರನ್ನು ಹಿಡಿದರು. ಕಥೆಯಲ್ಲಿ ಬರೆಯಲಾಗದೆ ನಿಂತ ತುಣುಕಿಗೂ ಹಾಗೊಂದು ಸ್ಟಾಪ್‌ಲಾಗ್ ಇಳಿಸಬಹುದು. ಟ್ವೈನ್‌ನಲ್ಲಿ ಹೊಸ ಕೊಂಡಿ ಕೊಟ್ಟ ಕೂಡಲೇ ಅದು ಖಾಲಿ ತುಣುಕೊಂದನ್ನು ತಾನೇ ಹುಟ್ಟಿಸುತ್ತದೆ. ಅದನ್ನು ಖಾಲಿ ಬಿಡದೆ ‘ಇಲ್ಲಿ ಸೌಡಿ ಮೇಲಿನ ಊರಿನವನೊಡನೆ ಜಗಳವಾಡುತ್ತಾನೆ, ಸೋಲುತ್ತಾನೆ’ ಎಂದು ಒಂದು ಸಾಲು ಬರೆದು ಮುಂದಿನ ತುಣುಕಿಗೆ ಕೊಂಡಿ ಹಾಕಿಬಿಡಿ. ಈ ವಾರ ನಿಮ್ಮ ಕೆಲಸ ಇಷ್ಟೇ: 40 ತುಣುಕುಗಳೂ ಒರಟಾಗಿಯಾದರೂ ಮೊದಲಿನಿಂದ ಕೊನೆಯವರೆಗೆ ಓಡಬೇಕು. ಆಮೇಲೆ ಯಾವ ರಾತ್ರಿ ಕರೆಂಟ್ ಹೋದರೂ, ಯಾವ ತಿಂಗಳು ಕೆಲಸ ನಿಂತರೂ, ನೀವು ಬಿಟ್ಟು ಎದ್ದದ್ದು ಓಡುವ ಕಥೆಯಾಗಿರುತ್ತದೆ. ಮರಳಿ ಬಂದಾಗ ಮಾಡಬೇಕಾದದ್ದು ಒಂದು ಒರಟು ಸಾಲನ್ನು ಆರಿಸಿ ತಿದ್ದುವುದಷ್ಟೇ.

ಸುಗ್ಗಿಯ ದಿನಗಳಲ್ಲಿ ಕಂಪ್ಯೂಟರ್ ತೆರೆಯುವ ಹಟವನ್ನೇ ಬಿಡಿ. ಗಿರಣಿಯಲ್ಲಿ ಕಾಟಾ ಚೀಟಿಗಳಿಗೆ ಕೊರತೆಯಿಲ್ಲ. ರದ್ದಾದ ಚೀಟಿಯ ಹಿಂಬದಿಯಲ್ಲಿ ಹಿಡಿಯುವಷ್ಟೇ ಒಂದು ತುಣುಕಿನ ಅಳತೆ. ಎರಡು ಲಾರಿಗಳ ನಡುವಿನ ಬಿಡುವಿಗೆ ಒಂದು ಚೀಟಿ ಸಾಲದೆ?

ಕಳೆದುಹೋದ ತುಣುಕುಗಳ ಬಗ್ಗೆ ಹೆಚ್ಚು ಹೇಳಿ ನೋಯಿಸುವುದಿಲ್ಲ, ಮುಂದಕ್ಕೆ ಒಂದು ಎಚ್ಚರಿಕೆ ಮಾತ್ರ. ಬ್ರೌಸರಿನಲ್ಲಿ ಬಳಸುವ ಟ್ವೈನ್ ಕಥೆಯನ್ನು ಆ ಬ್ರೌಸರಿನ ಸಂಗ್ರಹದಲ್ಲಿಯೇ ಇಡುತ್ತದೆ, ಬ್ರೌಸಿಂಗ್ ಡೇಟಾ ಅಳಿಸಿದರೆ ಕಥೆಯೂ ಅಳಿಯುತ್ತದೆ. ಪ್ರತಿ ಭಾನುವಾರ ಕಥೆಯನ್ನು ಒಂದು ಎಚ್‌ಟಿಎಂಎಲ್ ಕಡತವಾಗಿ ಹೊರತೆಗೆದು ದಿನಾಂಕದ ಹೆಸರಿಟ್ಟು ನಿಮ್ಮದೇ ಇಮೇಲ್‌ಗೆ ಕಳುಹಿಸಿಕೊಳ್ಳಿ.

ಓದುಗರು ಯಾರು ಎಂಬುದನ್ನು ನೀವು ಬರೆದಿಲ್ಲ. ಈ ಪ್ರಕಾರದ ಮೊದಲಿಗರಲ್ಲಿ ಒಬ್ಬರಾದ ಅಮೆರಿಕದ ವಿಲ್ ಕ್ರೌಥರ್ 1970ರ ದಶಕದ ನಡುವಿನಲ್ಲಿ ತಮ್ಮ ಗುಹೆಯ ಆಟವನ್ನು ಬರೆದದ್ದು ವಿಚ್ಛೇದನದ ನಂತರದ ದಿನಗಳಲ್ಲಿ. ತಾವು ಸುತ್ತಾಡಿದ್ದ ಮ್ಯಾಮತ್ ಗುಹೆಯನ್ನು ಅಕ್ಷರಗಳಲ್ಲಿ ಕಟ್ಟಿ, ತಮ್ಮ ಇಬ್ಬರು ಹೆಣ್ಣುಮಕ್ಕಳು ಆಡಲೆಂದು ಕೊಟ್ಟರು. 1977ರಲ್ಲಿ ಡಾನ್ ವುಡ್ಸ್ ಅದನ್ನು ಬೆಳೆಸಿದ ಮೇಲೆ ಅದು ಜಗತ್ತನ್ನು ಸುತ್ತಿತು, ಅದು ಬೇರೆ ಮಾತು. ನಿಮ್ಮ ಮನೆಯಲ್ಲಿಯೂ ಒಬ್ಬ ಓದುಗರು ಹಾಸಿಗೆಯಲ್ಲಿದ್ದಾರೆ. ತಾಯಿಯವರಿಗೆ ಕಥೆಯನ್ನು ಓದಿ ಹೇಳಿ, ತಿರುವು ಬಂದಲ್ಲಿ ನಿಲ್ಲಿಸಿ ‘ಈಗ ಯಾರಿಗೆ ನೀರು ಬಿಡಬೇಕವ್ವಾ?’ ಎಂದು ಕೇಳಿ. ಮಾತು ತೊದಲಿದರೆ ಒಂದು ಬೆರಳು, ಎರಡು ಬೆರಳು ಎಂದು ತೋರಿಸಲಿ. ನೀವು ಕೊಟ್ಟ ಎರಡನ್ನೂ ಒಪ್ಪದೆ ಅವರು ತಲೆಯಾಡಿಸಿದ ಜಾಗವನ್ನು ಗುರುತು ಹಾಕಿಕೊಳ್ಳಿ, ನಿಮ್ಮ ಮೂರನೆಯ ದಾರಿ ಅಲ್ಲಿದೆ. ಅವರಿಗೆ ಮತ್ತೆ ಹುಷಾರಿಲ್ಲದ ವಾರಗಳಲ್ಲಿ ಬರೆಯದೆ ಇರುವುದಕ್ಕೆ ಯಾವ ಸಮಜಾಯಿಷಿಯೂ ಬೇಕಿಲ್ಲ.

ಪ್ರಶ್ನೆ: ಓದುಗರೇ ಆಜ್ಞೆಯನ್ನು ಟೈಪ್ ಮಾಡಿ ಆಡುವಂಥ ಕನ್ನಡ ಕಥೆ ಬರೆಯಬೇಕೆಂದು ಮೂರು ತಿಂಗಳಿಂದ ಕೋಡ್ ಬರೆಯುತ್ತಿದ್ದೇನೆ. ಆಡಿದ ಗೆಳೆಯರಿಗೆಲ್ಲ ‘ಅರ್ಥವಾಗಲಿಲ್ಲ’ ಎಂಬ ಉತ್ತರವೇ ಬರುತ್ತದೆ. ಪರೀಕ್ಷೆಯೂ ಹತ್ತಿರವಾಗಿದೆ, ಆಸಕ್ತಿ ಹೋಗಿದೆ. ಬಿಟ್ಟುಬಿಡಲೇ?
(ಪದವಿ ವಿದ್ಯಾರ್ಥಿ, ಬಳ್ಳಾರಿ)

ಉತ್ತರ: ಕಥೆಯನ್ನು ಬಿಡಬೇಡಿ, ಟೈಪ್ ಮಾಡಿಸುವುದನ್ನು ಬಿಡಿ. ಇಂಗ್ಲಿಷಿನಲ್ಲಿ ಇಂಥ ಕಥೆಗಳಿಗೆಂದೇ 1993ರಲ್ಲಿ ಗ್ರಹಾಂ ನೆಲ್ಸನ್ ರೂಪಿಸಿದ ಇನ್ಫಾರ್ಮ್‌ನಂಥ ಸಲಕರಣೆಗಳಿವೆ. ಅಲ್ಲಿ ಬಾಗಿಲು ಎಂಬ ನಾಮಪದ ಎಲ್ಲ ಆಜ್ಞೆಗಳಲ್ಲೂ ಒಂದೇ ರೂಪದಲ್ಲಿರುತ್ತದೆ. ನಮ್ಮಲ್ಲಿ ಅದು ಬಾಗಿಲನ್ನು, ಬಾಗಿಲಿಗೆ, ಬಾಗಿಲಿನಿಂದ ಎಂದು ರೂಪ ಬದಲಿಸುತ್ತದೆ. ನಿಮ್ಮ ಗೆಳೆಯರಂತೂ ‘ಬಾಗ್ಲಾ ತೆಗಿ’ ಎಂದೇ ಟೈಪ್ ಮಾಡಿರುತ್ತಾರೆ. ಅದನ್ನೆಲ್ಲ ಯಂತ್ರಕ್ಕೆ ತಿಳಿಸುವುದು ಭಾಷಾಶಾಸ್ತ್ರದ ಕೆಲಸ, ಒಳ್ಳೆಯ ಕೆಲಸವೂ ಹೌದು, ಆದರೆ ನೀವು ಹೊರಟದ್ದು ಕಥೆ ಬರೆಯಲು. ಕೊಂಡಿ ಒತ್ತಿ ಓದುವ ರೂಪಕ್ಕೆ ಬದಲಿಸಿಕೊಂಡರೆ ಈ ತೊಡಕು ಒಂದೇ ದಿನದಲ್ಲಿ ತೀರುತ್ತದೆ. ಕಥೆ ಚಿಕ್ಕದಾದರೂ ಚಿಂತೆಯಿಲ್ಲ; 1995ರಿಂದ ಪ್ರತಿವರ್ಷ ನಡೆಯುತ್ತಿರುವ ಇಂಗ್ಲಿಷ್ ಸಂವಾದಾತ್ಮಕ ಕಥೆಗಳ ಸ್ಪರ್ಧೆಯಲ್ಲಿಯೇ ತೀರ್ಪುಗಾರರು ಮೊದಲ ಎರಡು ಗಂಟೆಯ ಆಟವನ್ನು ನೋಡಿ ಅಂಕ ಕೊಡುತ್ತಾರೆ. ಗೆಳೆಯರು ಟೈಪ್ ಮಾಡಿದ ಆಜ್ಞೆಗಳ ದಾಖಲೆ ನಿಮ್ಮ ಬಳಿ ಇದ್ದರೆ ಅಳಿಸಬೇಡಿ. ಬಳ್ಳಾರಿಯ ಹುಡುಗರು ಮುಚ್ಚಿದ ಬಾಗಿಲ ಮುಂದೆ ನಿಂತಾಗ ನಿಜವಾಗಿ ಏನೇನು ಹೇಳುತ್ತಾರೆ ಎಂಬುದು ಅದರಲ್ಲಿದೆ, ಆ ಮಾತುಗಳನ್ನೇ ಕೊಂಡಿಗಳ ಮೇಲೆ ಬರೆಯಿರಿ. ಪರೀಕ್ಷೆ ಮುಗಿಯುವವರೆಗೆ ಮಾತ್ರ ಲ್ಯಾಪ್‌ಟಾಪ್ ಮುಚ್ಚಿರಲಿ.