ಅಜ್ಜನ ಪೆಟ್ಟಿಗೆಯ ಬೆಳ್ಳಿ ಚಮಚಗಳಿಗೆ ಬೆಲೆ ಎಷ್ಟು?

ಪ್ರಶ್ನೆ: ನನ್ನ ಅಜ್ಜ ಕೊಡಗಿನ ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಇಂಗ್ಲಿಷ್ ದೊರೆ ಊರಿಗೆ ಮರಳುವಾಗ ಕೊಟ್ಟುಹೋದ ಚಮಚ, ಫೋರ್ಕ್, ಚಾಕುಗಳು ಈಗ ನನ್ನ ಪಾಲಿಗೆ ಬಂದಿವೆ. ಕೆಲವಕ್ಕೆ ಸಿಂಹ, ಲಂಗರಿನ ಮುದ್ರೆ. ಕೆಲವಕ್ಕೆ ‘ಇಪಿಎನ್‌ಎಸ್’ ಎಂಬ ಅಕ್ಷರ. ಅಂಗಡಿಯವರು ಎಲ್ಲವನ್ನೂ ಒಟ್ಟಿಗೆ ತೂಗಿ ಬೆಲೆ ಹೇಳುತ್ತಿದ್ದಾರೆ. ಕೊಡಬಹುದೇ? ಲಂಡನ್ನಿನಲ್ಲಿರುವ ಮಗಳೂ ಅರ್ಧ ಕೇಳುತ್ತಿದ್ದಾಳೆ.
– ಓದುಗರೊಬ್ಬರು, ಮಡಿಕೇರಿ

ಉತ್ತರ: ಒಟ್ಟಿಗೆ ತೂಗಲು ಬಿಡಬೇಡಿ. ನಿಮ್ಮ ಪೆಟ್ಟಿಗೆಯಲ್ಲಿ ಬೆಳ್ಳಿಯೂ ಇದೆ, ಬೆಳ್ಳಿಯ ವೇಷವೂ ಇದೆ.

ಇಪಿಎನ್‌ಎಸ್ ಎಂದರೆ ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹಕ್ಕೆ ಬೆಳ್ಳಿಯ ಲೇಪ. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ನರು ವಿದ್ಯುತ್ ಲೇಪನಕ್ಕೆ ಪೇಟೆಂಟ್ ಪಡೆದ ಮೇಲೆ ಬಳಕೆಗೆ ಬಂದ ಬಗೆ ಇದು. ಒಂದೊಂದು ಅಕ್ಷರವನ್ನೂ ಪುಟ್ಟ ಚೌಕಟ್ಟಿನಲ್ಲಿ ಒತ್ತಿ ಅಸಲಿ ಮುದ್ರೆಯಂತೆ ಕಾಣಿಸುವ ಜಾಣತನವೂ ಹಳೆಯದೇ. ಕರಗಿಸಿದರೆ ಕೈಗೆ ಹೆಚ್ಚೇನೂ ಹತ್ತದು, ಊಟಕ್ಕೆ ಬಳಸಿಕೊಳ್ಳಿ.

ಉಳಿದವನ್ನು ಭೂತಗನ್ನಡಿಯಲ್ಲಿ ನೋಡಿ. ನಡೆಯುತ್ತಿರುವ ಸಿಂಹವಿದ್ದರೆ ಶೇ 92.5ರ ಸ್ಟರ್ಲಿಂಗ್ ಬೆಳ್ಳಿ. ಇನ್ನೊಂದು ಮುದ್ರೆ ಬೆಳ್ಳಿಯನ್ನು ಪರೀಕ್ಷಿಸಿದ ಊರಿನ ಗುರುತು: ಲಂಗರು ಬರ್ಮಿಂಗ್‌ಹ್ಯಾಮಿನದು, ಚಿರತೆಯ ತಲೆ ಲಂಡನ್ನಿನದು. ಪಕ್ಕದ ಒಂಟಿ ಅಕ್ಷರ ವರ್ಷವನ್ನು ಹೇಳುತ್ತದೆ. ಅದೇ ಅಕ್ಷರ ಮತ್ತೆ ಮತ್ತೆ ಬರುವುದರಿಂದ ಅದರ ಬರಹದ ಶೈಲಿ, ಚೌಕಟ್ಟಿನ ಆಕಾರ ಎರಡನ್ನೂ ಆ ಊರಿನ ವರ್ಷದ ಅಕ್ಷರಗಳ ಪಟ್ಟಿಯೊಂದಿಗೆ ಹೋಲಿಸಬೇಕು. ರಾಣಿಯ ತಲೆಯೂ ಇದ್ದರೆ ಸುಂಕ ಕಟ್ಟಿದ ಗುರುತು; ಆ ಪದ್ಧತಿ 1890ರಲ್ಲಿ ನಿಂತಿತು. ಸಿಂಹವಿಲ್ಲದೆ ಮದ್ರಾಸಿನ ಬೆಳ್ಳಿ ಸಾಮಾನಿನ ಅಂಗಡಿ ಪಿ. ಓರ್ ಅಂಡ್ ಸನ್ಸ್ ಹೆಸರಿದ್ದರೆ ತಳ್ಳಿಹಾಕಬೇಡಿ. ಆಗ ಇಲ್ಲಿ ಸರ್ಕಾರಿ ಮುದ್ರೆಯ ವ್ಯವಸ್ಥೆಯೇ ಇರಲಿಲ್ಲ, ಅಂಥವನ್ನು ಹುಡುಕುವ ಸಂಗ್ರಾಹಕರೂ ಇದ್ದಾರೆ.

ಆರು ಚಮಚ 300 ಗ್ರಾಂ ತೂಗಿದರೆ ಶುದ್ಧ ಬೆಳ್ಳಿ 277.5 ಗ್ರಾಂ. ಆ ದಿನದ ದರದಿಂದ ಗುಣಿಸಿದರೆ ಸಿಗುವುದು ಲೋಹದ ಬೆಲೆ. ಚಾಕುಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ: ಅಲಗು ಉಕ್ಕಿನದು, ಟೊಳ್ಳು ಹಿಡಿಯೊಳಗೆ ರಾಳ ತುಂಬಿರುತ್ತದೆ. ಲೋಹದ ಬೆಲೆಗಿಂತ ಹೆಚ್ಚು ಸಿಗುವುದು ಒಂದೇ ವಿನ್ಯಾಸದ ಸೆಟ್ ಪೂರ್ತಿ ಇದ್ದರೆ, ಮುದ್ರೆ ಸ್ಪಷ್ಟವಾಗಿದ್ದರೆ. ಚಮಚದ ತುದಿ ಒಂದು ಪಕ್ಕ ಸವೆದಿದೆಯೇ, ಫೋರ್ಕಿನ ಮುಳ್ಳುಗಳು ಮೊಂಡಾಗಿವೆಯೇ ನೋಡಿ. ದೊರೆಯ ಹೆಸರಿನ ಅಕ್ಷರಗಳನ್ನು ಉಜ್ಜಿ ಅಳಿಸಬೇಡಿ, ಲೋಹ ತೆಳುವಾಗಿ ಬೆಲೆ ಇನ್ನಷ್ಟು ಇಳಿಯುತ್ತದೆ. ಲಕ್ಷಾಂತರದ ಆಸೆಯನ್ನಂತೂ ಇಟ್ಟುಕೊಳ್ಳಬೇಡಿ. ಇಂಥ ಚಮಚಗಳು ಇಂಗ್ಲೆಂಡಿನಲ್ಲಿ ಅಪರೂಪವೇನಲ್ಲ.

ಮಗಳಿಗೆ ಕಳುಹಿಸುವ ಮೊದಲು ವರ್ಷದ ಅಕ್ಷರವನ್ನು ಓದಿಸಿ. ನೂರು ವರ್ಷ ತುಂಬಿದ ಇಂಥ ವಸ್ತುಗಳನ್ನು 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ಅದಕ್ಕಿಂತ ಈಚಿನವಾದರೆ, ಪುರಾತನವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆದು ಕಳುಹಿಸಿ.