ಗುದ್ದಿದ ಹಳೇ ಕಾರು: ರಿಪೇರಿಯೋ, ಗುಜರಿಯೋ?

ಮಳೆಗಾಲ ಮುಗಿಯುವ ಹೊತ್ತಿಗೆ ಚಿಕ್ಕಮಗಳೂರು, ಹಾಸನ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಅಪಘಾತವಾದ ಹಳೇ ಕಾರಿನದ್ದೇ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ನಮ್ಮದು 2013ರ ವ್ಯಾಗನ್‌ಆರ್, ಕೆಎ-18 ನಂಬರು. 1,10,000 ಕಿ.ಮೀ. ಓಡಿದೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಮಳೆಗೆ ಜಾರಿ ಎಡಗಡೆಯ ಮುಂಭಾಗ ತಡೆಗೋಡೆಗೆ ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ. ಗ್ಯಾರೇಜಿನವರು 1,27,000 ರೂಪಾಯಿ ಎಸ್ಟಿಮೇಟ್ ಕೊಟ್ಟಿದ್ದಾರೆ. ಫುಲ್ ಇನ್ಶೂರೆನ್ಸ್ ಇದೆ, ಐಡಿವಿ (ಇನ್ಶೂರೆನ್ಸಿನವರು ಕಾರಿಗೆ ಹಿಡಿದ ಬೆಲೆ) 1,60,000. ಗುದ್ದುವ ಮೊದಲು ಒಬ್ಬರು 2,10,000ಕ್ಕೆ ಕೇಳಿದ್ದರು. ರಿಪೇರಿ ಮಾಡಿಸೋಣವೋ, ಬಂದಷ್ಟಕ್ಕೆ ಕೊಟ್ಟುಬಿಡೋಣವೋ?
– ಓದುಗರು, ಕೊಟ್ಟಿಗೆಹಾರ

ಉತ್ತರ: ಎಸ್ಟಿಮೇಟ್ ಹಾಳೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಬಾಡಿ ನೆಟ್ಟಗಿದೆಯೇ ಎಂದು ಗೊತ್ತಾಗದೆ ದುಡ್ಡಿನ ಲೆಕ್ಕ ಹಾಕಿ ಪ್ರಯೋಜನವಿಲ್ಲ. ಲಾರಿಗಿರುವ ಹಾಗೆ ಈ ಕಾರಿಗೆ ಬೇರೆ ಚಾಸಿಸ್ ಇಲ್ಲ. ತಗಡುಗಳನ್ನು ಮಡಚಿ, ಸ್ಪಾಟ್ ವೆಲ್ಡಿಂಗ್‌ನಲ್ಲಿ ಕೂಡಿಸಿದ ಬಾಡಿಯೇ ಚಾಸಿಸ್. ಬಂಪರ್, ಬಾನೆಟ್, ಫೆಂಡರ್, ಹೆಡ್‌ಲೈಟ್, ರೇಡಿಯೇಟರ್ ಎಷ್ಟೇ ನುಜ್ಜಾಗಿದ್ದರೂ ಬಿಚ್ಚಿ ಬೇರೆ ಹಾಕಬಹುದು. ಅವುಗಳ ಹಿಂದಿರುವ ಚಾಸಿಸ್ ಲೆಗ್ (ಎಂಜಿನ್ನಿನ ಎರಡೂ ಪಕ್ಕ ಮುಂದಕ್ಕೆ ಚಾಚಿದ ಉಕ್ಕಿನ ತೊಲೆ), ಆಪ್ರಾನ್ (ಚಕ್ರದ ಮೇಲಿನ ಒಳತಗಡು), ಶಾಕ್ ಅಬ್ಸಾರ್ಬರ್ ಕೂರುವ ಟವರ್, ಗಾಜಿನ ಪಕ್ಕದ ಪಿಲ್ಲರ್ – ಪೆಟ್ಟು ಇವುಗಳಲ್ಲಿ ಎಲ್ಲಿಯವರೆಗೆ ಹೋಗಿದೆ ಎಂಬುದರ ಮೇಲೆ ನಿಮ್ಮ ತೀರ್ಮಾನ ನಿಂತಿದೆ.

ಮೊದಲು ಎಡಗಡೆಯ ಮುಂದಿನ ಬಾಗಿಲು ತೆರೆದು ಮುಚ್ಚಿ ನೋಡಿ. ಮೊದಲಿನಂತೆ ಸಲೀಸಾಗಿ ಕೂತರೆ ಅದು ಒಳ್ಳೆಯ ಲಕ್ಷಣ. ಎತ್ತಿ ಹಾಕಬೇಕಾದರೆ, ಅಥವಾ ಬಾಗಿಲಿನ ಮೇಲಿನ ಸಂದು ಒಂದು ಕಡೆ ಅಗಲ ಒಂದು ಕಡೆ ಕಿರಿದಾಗಿದ್ದರೆ, ಪಿಲ್ಲರ್ ಹಿಂದಕ್ಕೆ ಸರಿದಿದೆ. ಆಮೇಲೆ ಬಂಪರ್, ಫೆಂಡರ್ ಬಿಚ್ಚಿಸಿ ಟಾರ್ಚ್ ಬಿಟ್ಟು ಟವರ್‌ನ ಬುಡ ನೋಡಿ. ತಗಡು ಕೂಡುವ ಜಾಗದಲ್ಲಿ ಕಂಪನಿಯಲ್ಲೇ ಬಳಿದ ರಬ್ಬರಿನಂಥ ಸೀಲರ್ ಇರುತ್ತದೆ. ಅದು ಕೂದಲೆಳೆಯಷ್ಟು ಬಿರಿದಿದ್ದರೂ, ಪಕ್ಕದ ಬಣ್ಣ ಸಿಪ್ಪೆ ಎದ್ದಿದ್ದರೂ ಆ ಜಾಗ ಅಲುಗಾಡಿದೆ ಎಂದೇ ಅರ್ಥ. ತಗಡನ್ನು ಬಡಿದು ಸರಿಮಾಡಬಹುದು, ಆದರೆ ಬಿರಿದ ಸೀಲರ್ ಸುಳ್ಳು ಹೇಳುವುದಿಲ್ಲ.

ಅಳತೆಯನ್ನು ಮನೆಯಲ್ಲೇ ತೆಗೆಯಬಹುದು. ಸಮತಟ್ಟಾದ ಸಿಮೆಂಟ್ ನೆಲವಿದ್ದರೆ ಕಾಫಿ ಒಣಗಿಸುವ ಕಣವೂ ಆದೀತು. ಗಾರೆಯವರ ತೂಗುಗುಂಡು ತಂದು, ಚಕ್ರವನ್ನು ಕೆಳಗಿನಿಂದ ಬಾಡಿಗೆ ಹಿಡಿದಿರುವ ಮುಂದಿನ ಎರಡು ಲೋವರ್ ಆರ್ಮ್‌ಗಳ ಹಿಂಬದಿ ಬೋಲ್ಟಿನಿಂದ, ಹಿಂದಿನ ಆಕ್ಸಲ್‌ನ ಎರಡು ಬ್ರಾಕೆಟ್ ಬೋಲ್ಟಿನಿಂದ ನೆಲಕ್ಕೆ ಇಳಿಬಿಡಿ. ಗುಂಡಿನ ಮೊನೆ ನಿಂತ ನಾಲ್ಕು ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕಾರು ಸರಿಸಿ. ಈಗ ಮೂಲೆಯಿಂದ ಮೂಲೆಗೆ ದಾರ ಎಳೆದು ಎರಡೂ ಕರ್ಣ ಅಳೆಯಿರಿ. ವ್ಯತ್ಯಾಸ 3 ಮಿ.ಮೀ. ಒಳಗಿದ್ದರೆ ನೆಮ್ಮದಿ, ಗುಂಡಿನ ಅಳತೆಯಲ್ಲೇ ಅಷ್ಟು ತಪ್ಪು ಇರುತ್ತದೆ. 5-6 ಮಿ.ಮೀ. ಬಂದರೆ ಕಾರನ್ನು ಬಿಗಿದು ಬಾಗಿದ ತಗಡನ್ನು ಎಳೆಯುವ ಬೆಂಚ್ ಇರುವ ವರ್ಕ್‌ಶಾಪೇ ಬೇಕು. 10 ದಾಟಿ ಪಿಲ್ಲರ್ ಕೂಡ ಸರಿದಿದ್ದರೆ ಈ ವಯಸ್ಸಿನ ಕಾರಿಗೆ ಆ ಕೆಲಸ ಬೇಡ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಜೊತೆಗೆ ಸ್ಟಿಯರಿಂಗ್ ನೇರ ಇಟ್ಟು, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಬದಿ ಅಳೆಯಿರಿ. ಈ ಮಾದರಿಯಲ್ಲಿ ಅದು 2,400 ಮಿ.ಮೀ. ಇರಬೇಕು. ಎಡಗಡೆ ಕಡಿಮೆ ಬಂದ ತಕ್ಷಣ ಹೆದರಬೇಡಿ. ಕರ್ಣಗಳು ಸರಿಯಿದ್ದು ಇದೊಂದೇ ಕಡಿಮೆಯಿದ್ದರೆ ಬಾಗಿರುವುದು ಬಹುಶಃ ಲೋವರ್ ಆರ್ಮ್. ಅದನ್ನು ಬೋಲ್ಟ್ ಬಿಚ್ಚಿ ಹೊಸದು ಹಾಕಿದರೆ ಮುಗಿಯಿತು.

ಮಲೆನಾಡಿನ ಕಾರಿಗೆ ಇನ್ನೊಂದು ಪರೀಕ್ಷೆ ಕಡ್ಡಾಯ. ಬಾಗಿಲುಗಳ ಕೆಳಗೆ ಬಾಡಿಯ ತಗಡು ಕೂಡುವ ಅಂಚನ್ನು ಉದ್ದಕ್ಕೂ ಸ್ಕ್ರೂಡ್ರೈವರ್ ಮೊನೆಯಿಂದ ಒತ್ತಿ ನೋಡಿ. ಬೆಂಚಿನ ಮೇಲೆ ಕಾರನ್ನು ಕಚ್ಚಿ ಹಿಡಿಯುವುದು ಆ ಅಂಚನ್ನೇ. ಅದು ತುಕ್ಕು ತಿಂದಿದ್ದರೆ ಎಳೆಯುವಾಗ ಚಾಸಿಸ್ ಲೆಗ್ ನೆಟ್ಟಗಾಗುವ ಬದಲು ಅಂಚು ಹರಿದು ಬರುತ್ತದೆ. ಬೆಂಚ್ ಇಲ್ಲದ ಕಡೆ ಗ್ಯಾಸ್ ಹಚ್ಚಿ, ಲೆಗ್ ಕೆಂಪಗೆ ಕಾಯಿಸಿ, ಸರಪಳಿ ಕಟ್ಟಿ ಎಳೆಯುವವರಿದ್ದಾರೆ, ದಯವಿಟ್ಟು ಒಪ್ಪಬೇಡಿ. ಹಾಗೆ ಕಾಯಿಸಿದ ಉಕ್ಕು ಬಿಗಿ ಕಳೆದುಕೊಂಡು, ಮುಂದಿನ ಸಲ ಗುದ್ದಿದಾಗ ಬೇಗ ಮಡಚಿಕೊಳ್ಳುತ್ತದೆ, ಪೆಟ್ಟು ಒಳಗೆ ಕೂತವರ ಕಾಲಿಗೆ ಬರುತ್ತದೆ.

ಬಾಡಿ ನೆಟ್ಟಗಿದ್ದರೆ ಈಗ ಲೆಕ್ಕ. ನೀವು ಕಳಿಸಿದ ಎಸ್ಟಿಮೇಟ್‌ನಲ್ಲಿ ಕಬ್ಬಿಣದ ಭಾಗಗಳು 48,000, ಪ್ಲಾಸ್ಟಿಕ್ ಮತ್ತು ರಬ್ಬರ್ 22,000, ಗಾಜು 7,000, ಟಿಂಕರಿಂಗ್ ಮತ್ತು ಫಿಟ್ಟಿಂಗ್ ಕೂಲಿ 26,000, ಪೇಂಟಿಂಗ್ 24,000 ಇದೆ. 10 ವರ್ಷ ದಾಟಿದ ಕಾರಿಗೆ ಕಬ್ಬಿಣದ ಮೇಲೆ ಶೇ. 50 ಸವಕಳಿ ಕಳೆಯುತ್ತಾರೆ. ಪ್ಲಾಸ್ಟಿಕ್, ರಬ್ಬರಿಗೆ ಯಾವ ವಯಸ್ಸಿನ ಕಾರಾದರೂ ಶೇ. 50. ಗಾಜಿಗೂ ಕೂಲಿಗೂ ಸವಕಳಿ ಇಲ್ಲ. ಪೇಂಟಿಂಗ್ ಒಟ್ಟು ಬಿಲ್ಲಿನಲ್ಲಿ ಕಾಲುಭಾಗವನ್ನು ಬಣ್ಣದ ಬೆಲೆ ಎಂದು ಹಿಡಿದು ಅದರ ಅರ್ಧ ಕಳೆಯುತ್ತಾರೆ. ಹಾಗೆ ನಿಮಗೆ ಸಿಗುವುದು 24,000 + 11,000 + 7,000 + 26,000 + 21,000, ಒಟ್ಟು 89,000. 1,500 ಸಿಸಿ ಒಳಗಿನ ಕಾರಿಗೆ ಕಡ್ಡಾಯ ಕಡಿತ 1,000 ಹೋಗಿ 88,000. ನಿಮ್ಮ ಕೈಯಿಂದ 39,000. ಟೋಯಿಂಗ್‌ಗೆ ಪಾಲಿಸಿ ಕೊಡುವುದು 1,500 ಮಾತ್ರ, ಘಾಟಿಯಿಂದ ಎಳೆಸಿಕೊಂಡು ಬಂದ ಉಳಿದ ಖರ್ಚೂ ನಿಮ್ಮದೇ. ಪ್ರೀಮಿಯಂನಲ್ಲಿ ಸಿಗುತ್ತಿದ್ದ ನೋ ಕ್ಲೇಮ್ ಬೋನಸ್ ರಿಯಾಯಿತಿ ಮುಂದಿನ ವರ್ಷ ಸೊನ್ನೆಗೆ ಇಳಿಯುತ್ತದೆ.

ಎಸ್ಟಿಮೇಟ್ ಐಡಿವಿಯ ಶೇ. 75 ದಾಟಿದರೆ ಟೋಟಲ್ ಲಾಸ್ (ರಿಪೇರಿ ಬದಲು ಐಡಿವಿ ಲೆಕ್ಕದಲ್ಲಿ ಹಣ ಕೊಟ್ಟು ಮುಗಿಸುವುದು) ಎಂದು ನಿಮಗೆ ಯಾರೋ ಹೇಳಿರಬಹುದು. ನಿಮ್ಮ ಲೆಕ್ಕದಲ್ಲಿ ಶೇ. 75 ಅಂದರೆ 1,20,000, ಎಸ್ಟಿಮೇಟ್ 1,27,000. ಆದರೆ ಇನ್ಶೂರೆನ್ಸಿನವರು ಕಳಿಸುವ ಸರ್ವೇಯರ್ ನೋಡುವುದು ಪಾಲಿಸಿ ಷರತ್ತಿನಂತೆ ಕಡಿತವೆಲ್ಲ ಆದ ಮೇಲಿನ ಮೊತ್ತ, ಅಂದರೆ ಸುಮಾರು 88,000. ಆದ್ದರಿಂದ ಈಗಿನ ಸ್ಥಿತಿಯಲ್ಲಿ ಅವರು ರಿಪೇರಿ ಎಂದೇ ಬರೆಯುತ್ತಾರೆ. ಟವರ್ ಸರಿದಿರುವುದು ಕಂಡರೆ ಮಾತ್ರ ಅಳತೆಯ ಫೋಟೊ ಸಮೇತ ಬರವಣಿಗೆಯಲ್ಲಿ ತಿಳಿಸಿ, ಬಿಚ್ಚಿದ ಮೇಲೆ ಮತ್ತೊಮ್ಮೆ ಬಂದು ನೋಡಲು ಸರ್ವೇಯರನ್ನು ಕೇಳಿ. ಆಪ್ರಾನ್, ಲೆಗ್, ಬೆಂಚ್ ಕೆಲಸ ಸೇರಿದರೆ ಲೆಕ್ಕ ಬದಲಾಗಿ ಟೋಟಲ್ ಲಾಸ್ ಆಗುವ ಸಾಧ್ಯತೆ ಇದೆ. ಅವರು ನೋಡುವ ಮೊದಲು ಯಾವುದನ್ನೂ ಬದಲಾಯಿಸಬೇಡಿ.

ಒಟ್ಟಿನಲ್ಲಿ ಕರ್ಣ, ಟವರ್, ಬಾಗಿಲು ಮೂರೂ ಸರಿಯಿದ್ದರೆ ರಿಪೇರಿ ಮಾಡಿಸಿ. ಕೈಯಿಂದ 39,000 ಎಂದು ಕೂರದೆ 50,000 ಸಿದ್ಧವಿಟ್ಟುಕೊಳ್ಳಿ, ಬಿಚ್ಚಿದ ಮೇಲೆ ಏನಾದರೂ ಸೇರಿಯೇ ಸೇರುತ್ತದೆ. ಮಾರುವ ಯೋಚನೆ ಇದ್ದರೆ ಹಳೆಯ 2,10,000ವನ್ನು ಮರೆಯಿರಿ, ಗುದ್ದಿದ ಕಾರಿಗೆ ಆ ಬೆಲೆ ಬರುವುದಿಲ್ಲ. ಆದರೆ ಇನ್ನು ನಾಲ್ಕೈದು ವರ್ಷ ನೀವೇ ಓಡಿಸುವುದಾದರೆ, ಹುಟ್ಟಿದಾಗಿನಿಂದ ನಿಮಗೆ ಗೊತ್ತಿರುವ ಕಾರು, ಎರಡು ಲಕ್ಷಕ್ಕೆ ಸಿಗುವ ಇನ್ಯಾರದೋ ಕಾರಿಗಿಂತ ಮೇಲು. ಬಾನೆಟ್, ಫೆಂಡರ್, ಹೆಡ್‌ಲೈಟ್‌ಗಳನ್ನು ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ನಿಮ್ಮ ಬಣ್ಣದವೇ ತಂದರೆ ಪೇಂಟಿಂಗೂ ಉಳಿಯುತ್ತದೆ; ತರುವ ಮೊದಲು ಸರ್ವೇಯರ್ ಒಪ್ಪಿಗೆ ಬೇಕು. ಲೋವರ್ ಆರ್ಮ್, ಸ್ಟಿಯರಿಂಗ್ ರ‍್ಯಾಕ್, ಸೀಟ್ ಬೆಲ್ಟ್ ಮಾತ್ರ ಗುಜರಿಯದ್ದು ಬೇಡವೇ ಬೇಡ.

ಪ್ರಶ್ನೆ: ಶಿರಾಡಿ ಘಾಟಿಯಲ್ಲಿ ಮುಂದಿನ ಗಾಡಿಗೆ ಗುದ್ದಿ ರೇಡಿಯೇಟರ್ ಸೋರುತ್ತಿತ್ತು. ಟೆಂಪರೇಚರ್ ಮುಳ್ಳು ಮೇಲೇರಿರಲಿಲ್ಲ, ಹಾಗಾಗಿ ಸಕಲೇಶಪುರದವರೆಗೆ ಓಡಿಸಿಕೊಂಡು ಬಂದೆವು. ಈಗ ಬಿಳಿ ಹೊಗೆ ಬರುತ್ತಿದೆ. ಬಾಡಿ ಕೆಲಸ ಶುರು ಮಾಡಿಸಬಹುದೇ?
– ಓದುಗರು, ಸಕಲೇಶಪುರ

ಉತ್ತರ: ಬೇಡ, ಮೊದಲು ಎಂಜಿನ್ ನೋಡಿಸಿ. ಸೆನ್ಸರ್ ಕೂಲಂಟ್‌ನಲ್ಲಿ ಮುಳುಗಿದ್ದರೆ ಮಾತ್ರ ಮುಳ್ಳು ನಿಜ ಹೇಳುತ್ತದೆ. ಕೂಲಂಟ್ ಪೂರ್ತಿ ಸೋರಿದ ಮೇಲೆ ಅದು ಖಾಲಿ ಜಾಗದಲ್ಲಿರುತ್ತದೆ, ಎಂಜಿನ್ನಿನ ಮೇಲ್ಭಾಗದ ಹೆಡ್ ಸುಡುತ್ತಿದ್ದರೂ ಮುಳ್ಳು ಏಳುವುದಿಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿ: ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಬೆರೆತಿದೆ, ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಹೆಡ್ ಬಿಚ್ಚಿಸಿ ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜಿನಲ್ಲಿ ಅಳೆಸಿ. ಹೆಚ್ಚಿನ ಸಣ್ಣ ಕಾರುಗಳಲ್ಲಿ 0.05 ಮಿ.ಮೀ. ಆಸುಪಾಸಿಗಿಂತ ಹೆಚ್ಚು ಬಾಗಿದ್ದರೆ ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಿ (ಮೈ ಉಜ್ಜಿ ಸಮತಟ್ಟು ಮಾಡಿಸಿ) ಹೊಸ ಗ್ಯಾಸ್ಕೆಟ್ ಹಾಕಬೇಕು. ಗುದ್ದಿದ ಮೇಲೆ ಓಡಿಸಿದ್ದರಿಂದ ಆದ ಹಾನಿ ಎಂದು ಇದನ್ನು ಇನ್ಶೂರೆನ್ಸಿನವರು ಸಾಮಾನ್ಯವಾಗಿ ಕೊಡುವುದಿಲ್ಲ. ಈ ಖರ್ಚನ್ನು ಪೂರ್ತಿ ನಿಮ್ಮ ಕಡೆ ಬರೆದುಕೊಂಡೇ ಕಾರು ಉಳಿಸಿಕೊಳ್ಳುವ ತೀರ್ಮಾನಕ್ಕೆ ಬನ್ನಿ.

ಪ್ರಶ್ನೆ: 2014ರ ಕಾರು. ಮುಂದಿನ ಎರಡೂ ಏರ್‌ಬ್ಯಾಗ್ ಬಿಚ್ಚಿಕೊಂಡಿವೆ. ಹೊಸದು ಬೇಡ, ಲೈಟು ಆರುವ ಹಾಗೆ ಮಾಡಿಕೊಡುತ್ತೇನೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಪರವಾಗಿಲ್ಲವೇ?
– ಓದುಗರು, ಹಾಸನ

ಉತ್ತರ: ಖಂಡಿತ ಬೇಡ. ಅವರು ಮಾಡುವುದು ಏರ್‌ಬ್ಯಾಗ್ ವೈರಿಗೆ ಸುಮಾರು 2 ಓಮ್‌ನ ರೆಸಿಸ್ಟರ್ ಕೂಡಿಸುವ ಕೆಲಸ. ಅದನ್ನು ನಿಯಂತ್ರಿಸುವ ಮಾಡ್ಯೂಲ್ ರೆಸಿಸ್ಟರನ್ನೇ ಏರ್‌ಬ್ಯಾಗ್ ಎಂದು ನಂಬಿ ಲೈಟ್ ಆರಿಸುತ್ತದೆ. ನಾಳೆ ನಿಮ್ಮ ಮಗಳೋ, ಕಾರು ಕೊಂಡವರೋ ಆ ಲೈಟನ್ನು ನಂಬಿ ಓಡಿಸುತ್ತಾರೆ. ಸರಿಯಾಗಿ ಮಾಡಿಸುವುದಾದರೆ ಎರಡು ಏರ್‌ಬ್ಯಾಗ್, ಕಂಟ್ರೋಲ್ ಮಾಡ್ಯೂಲ್, ಸ್ಟಿಯರಿಂಗಿನ ಕ್ಲಾಕ್ ಸ್ಪ್ರಿಂಗ್ (ತಿರುಗುವ ಸ್ಟಿಯರಿಂಗಿಗೆ ವೈರ್ ತಲುಪಿಸುವ ಸುರುಳಿ), ಸಿಡಿದಿದ್ದರೆ ಪ್ರಿಟೆನ್ಷನರ್ (ಗುದ್ದಿದಾಗ ಬೆಲ್ಟ್ ಬಿಗಿಯುವ ಸಾಧನ) ಇರುವ ಎರಡು ಬೆಲ್ಟ್, ಹರಿದ ಡ್ಯಾಶ್‌ಬೋರ್ಡ್ ಇಷ್ಟೂ ಬೇಕು. ಏರ್‌ಬ್ಯಾಗಿಗೂ ಶೇ. 50 ಸವಕಳಿ ಕಳೆಯುತ್ತಾರೆ. ಈ ವಯಸ್ಸಿನ ಕಾರಿನಲ್ಲಿ ಎರಡೂ ಬಿಚ್ಚಿಕೊಂಡಿದ್ದರೆ ಮುಕ್ಕಾಲು ಪಾಲು ಸಲ ರಿಪೇರಿಗಿಂತ ಬಿಡುವುದೇ ಸರಿ. ಮಾಡಿಸಿದರೆ ಬಿಲ್ಲಿನಲ್ಲಿ ಪ್ರತಿಯೊಂದಕ್ಕೂ ಪಾರ್ಟ್ ನಂಬರ್ ಬರೆಸಿ, ತೆಗೆದ ಹಳೆಯದನ್ನು ಕಣ್ಣಾರೆ ನೋಡಿ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ಲೈಟ್ ಹತ್ತಲೇ ಇಲ್ಲವೆಂದರೆ ಯಾರೋ ಅದನ್ನು ಕತ್ತರಿಸಿದ್ದಾರೆ ಎಂದು ತಿಳಿಯಿರಿ.

ಪ್ರಶ್ನೆ: ನಿಂತಿದ್ದ ನಮ್ಮ ಕಾರಿಗೆ ಪಿಕಪ್ ಗುದ್ದಿತು. ನಮ್ಮದು ಬರೀ ಥರ್ಡ್ ಪಾರ್ಟಿ ಇನ್ಶೂರೆನ್ಸ್. ರಿಪೇರಿ ಹಣ ಸಿಗುತ್ತದೆಯೇ?
– ಓದುಗರು, ಆಲೂರು

ಉತ್ತರ: ನಿಮ್ಮ ಪಾಲಿಸಿಯಿಂದ ಏನೂ ಬರುವುದಿಲ್ಲ, ಪಿಕಪ್‌ನ ಇನ್ಶೂರೆನ್ಸಿನಿಂದ ಕೇಳಬೇಕು. ಪೊಲೀಸ್ ದೂರು, ಸ್ಥಳ ಮಹಜರು, ಆರ್‌ಟಿಒ ಇನ್‌ಸ್ಪೆಕ್ಟರ್ ವರದಿ, ಫೋಟೊ, ಬಿಲ್ ಇಷ್ಟನ್ನು ಕೂಡಿಸಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ 6 ತಿಂಗಳೊಳಗೆ ಅರ್ಜಿ ಹಾಕಿ. ಹಣ ಬರಲು ತಡವಾಗುತ್ತದೆ, ಅದನ್ನು ನಂಬಿ ಸಾಲ ಮಾಡಿ ರಿಪೇರಿ ಮಾಡಿಸಬೇಡಿ.

ಪ್ರಶ್ನೆ: 15 ವರ್ಷ ತುಂಬುತ್ತಾ ಬಂದ ಕಾರು ಪಲ್ಟಿಯಾಗಿದೆ. ಗುಜರಿಯವರು ಆರ್‌ಸಿ ಬೇಡ, ಕಾರು ಮಾತ್ರ ಕೊಡಿ ಎನ್ನುತ್ತಾರೆ.
– ಓದುಗರು, ಕಡೂರು

ಉತ್ತರ: ಕೊಡುವುದು ಸರಿ, ಕೊಡುವ ರೀತಿ ಸರಿಯಲ್ಲ. ಪಲ್ಟಿಯಲ್ಲಿ ಮೇಲ್ಛಾವಣಿ, ಪಿಲ್ಲರ್ ಎರಡೂ ಹೋಗಿರುತ್ತವೆ. ಅದರ ಮೇಲೆ ಆರ್‌ಸಿ ನವೀಕರಣಕ್ಕೆ 5,000 ರೂಪಾಯಿ ಶುಲ್ಕ, ಹಸಿರು ತೆರಿಗೆ, ತಪಾಸಣೆ ಬೇರೆ. ಆದರೆ ಆರ್‌ಸಿ ನಿಮ್ಮ ಹೆಸರಿನಲ್ಲೇ ಉಳಿದರೆ ಆ ನಂಬರು, ಚಾಸಿಸ್ ನಂಬರು ಕದ್ದ ಇನ್ನೊಂದು ಕಾರಿಗೆ ಅಂಟಿಕೊಳ್ಳಬಹುದು, ಪೊಲೀಸರು ಬರುವುದು ನಿಮ್ಮ ಮನೆಗೆ. ಮತ್ತೆ ಓಡದಂತಾದ ವಾಹನದ ವಿಷಯ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಹೇಳುತ್ತದೆ. ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟರೆ ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಅದನ್ನು ತೋರಿಸಿದರೆ ಹೊಸ ಖಾಸಗಿ ಕಾರಿನ ರಸ್ತೆ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿಗೆ ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ಊರಿನ ಗುಜರಿಗೆ ಕೊಡುವ ಬದಲು ಅಂಥ ಕೇಂದ್ರಕ್ಕೇ ಕೊಡಿ. ಆರ್‌ಸಿ ರದ್ದಾದ ಕಾಗದವನ್ನೂ ಮರೆಯದೆ ಕೇಳಿ ಪಡೆಯಿರಿ.